ವೈದ್ಯಕೀಯ ಸಂಶೋಧನೆಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು?

ಔಷಧ ಕಂಪನಿಗಳ ಹತ್ತಿರ ಅಷ್ಟೊಂದು ದುಡ್ಡಿರುವಾಗ ತೆರಿಗೆ ಹಣವನ್ನು ಸಂಶೋಧನೆಗೆ ಯಾಕೆ ಸುರಿಯಬೇಕು, ಅದರಿಂದ ಆರ್ಥಿಕವಾಗಿ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಆದರೆ ಬಂದ ಲಾಭ ಒಬ್ಬರ ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ, ಎಲ್ಲರ ಮನೆಗೂ ಚೂರುಚೂರಾಗಿ ಹಂಚಿಹೋಗುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು ಕಡಿಮೆ.

ಓಆರ್‌ಎಸ್ ಪುಡಿಯನ್ನೇ ನೋಡಿ. ಕಾಲರಾ ಬಂದವರಿಗೆ ಬರೀ ನೀರು ಕುಡಿಸಿದರೆ ಮೈಗೆ ಹತ್ತುವುದಿಲ್ಲ. ಆದರೆ ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಉಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದನ್ನು ನೆಚ್ಚಿಕೊಂಡು 1968ರಲ್ಲಿ ಢಾಕಾದಲ್ಲಿ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಮಗ್ಗಿನಲ್ಲಿ ತುಂಬಿಕೊಂಡು ಹೋಗಿ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 3.6ಕ್ಕೆ ಇಳಿಯಿತು.

ಉಪ್ಪು, ಸಕ್ಕರೆ, ನೀರು ಮಾರಿ ಯಾವ ಕಂಪನಿ ಹೂಡಿದ ಬಂಡವಾಳ ವಾಪಸ್ ಪಡೆಯುತ್ತದೆ ಹೇಳಿ? ಇಂಥದ್ದಕ್ಕೆ ಸಾರ್ವಜನಿಕ ಹಣವೇ ಬೇಕು. ಲಾಭ ಎಲ್ಲಿ ಅಂದರೆ, ಮಗು ಉಳಿಯಿತು, ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಖಾಲಿ ಉಳಿಯಿತು, ತಾಯಿಯ ಕೂಲಿ ತಪ್ಪಲಿಲ್ಲ, ಮನೆಯವರು ಸಾಲಕ್ಕೆ ಕೈಚಾಚಲಿಲ್ಲ. ನನ್ನ ಮಟ್ಟಿಗೆ ಆರ್ಥಿಕ ಲಾಭ ಅಂದರೆ ಮೊದಲು ಇದೇ.

ಕಂಪನಿಗಳು ಏನೂ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಪ್ರಯೋಗ, ತಯಾರಿಕೆ ಎಲ್ಲ ಅವರದೇ. ಆದರೆ ದಾರಿ ಕಂಡ ಮೇಲೆ ಬರುತ್ತಾರೆ. ಅಮೆರಿಕದಲ್ಲಿ 2010ರಿಂದ 2016ರವರೆಗೆ ಒಪ್ಪಿಗೆ ಸಿಕ್ಕ 210 ಹೊಸ ಔಷಧಗಳ ಹಿಂದೆ ಹೋಗಿ ನೋಡಿದರೆ, ಒಂದೂ ಬಿಡದೆ ಎಲ್ಲದರ ಬುಡದಲ್ಲೂ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್ ಹಣ ಕೊಟ್ಟ ಸಂಶೋಧನೆ ಇತ್ತು. ಗಿಲಾ ಮಾನ್‌ಸ್ಟರ್ ಅನ್ನುವ ವಿಷದ ಹಲ್ಲಿಯ ಕಥೆ ಗೊತ್ತಾ? ಮಾಜಿ ಸೈನಿಕರಿಗಾಗಿ ಇರುವ ಅಮೆರಿಕದ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಸಂಶೋಧಕ ಜಾನ್ ಎಂಗ್ ಅದರ ವಿಷದಲ್ಲಿ ಒಂದು ಹಾರ್ಮೋನನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ ಸಕ್ಕರೆ ಕಾಯಿಲೆಯ ಔಷಧಕ್ಕೆ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತು ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಅದೇ ಗುಂಪಿನವು. ಹಲ್ಲಿಯ ವಿಷ ನೋಡುತ್ತೇನೆ ಅಂದರೆ ಯಾವ ಹೂಡಿಕೆದಾರ ಅಷ್ಟು ವರ್ಷ ಕಾಯುತ್ತಿದ್ದ?

ನಿಮಗೆ ಅಂಕಿ ಬೇಕಿದ್ದರೆ ಬ್ರಿಟನ್ನಿನ 2008ರ ಅಧ್ಯಯನ ಇದೆ. ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸಂಶೋಧನೆಗೆ ಹಾಕಿದ ಸರ್ಕಾರಿ ಮತ್ತು ದತ್ತಿ ಹಣದ ಲೆಕ್ಕ ಅದು. ಪ್ರತಿ 1 ಪೌಂಡ್‌ಗೆ (ಅಂದರೆ 100 ಪೆನ್ಸ್‌ಗೆ) ವರ್ಷವರ್ಷವೂ ಸುಮಾರು 39 ಪೆನ್ಸ್‌ನಷ್ಟು ಪ್ರಯೋಜನ. ಅದರಲ್ಲಿ 9 ಪೆನ್ಸ್ ಆರೋಗ್ಯದಿಂದ, ಉಳಿದದ್ದು ಒಟ್ಟು ಆರ್ಥಿಕತೆಗೆ. ಆದರೆ ಸಂಶೋಧನೆಯಿಂದ ರೋಗಿಯವರೆಗೆ ತಲುಪಲು ಸುಮಾರು 17 ವರ್ಷ ಬೇಕಾಗುತ್ತದೆ ಅಂತ ಅಧ್ಯಯನ ಮಾಡಿದವರು ಲೆಕ್ಕ ಹಿಡಿದಿದ್ದರು.

ನನಗೆ ಹೊಟ್ಟೆ ಉರಿಯುವ ವಿಷಯ ಬೇರೆ ಇದೆ. ಜನರ ತೆರಿಗೆಯಿಂದ ಶುರುವಾದ ಔಷಧವನ್ನೇ ಜನ ಕೊಳ್ಳಲಾಗದ ಬೆಲೆಗೆ ಮಾರುವುದು ಎಷ್ಟೋ ಸಲ ಆಗುತ್ತದೆ. ಇಂಥ ಸಂಶೋಧನೆಯ ಪೇಟೆಂಟ್ ಬಳಸಲು ಕಂಪನಿಗೆ ಲೈಸೆನ್ಸ್ ಕೊಡುವ ದಿನವೇ ಬೆಲೆಯ ಷರತ್ತನ್ನೂ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.