ಮನೆಯ ಸುತ್ತ ಕಣಜದ ಹುಳುಗಳು ಬರದಂತೆ ಸಹಜವಾಗಿ ತಡೆಯುವುದು ಹೇಗೆ?

ಎಣ್ಣೆ, ವಾಸನೆಗಳಿಗಿಂತ ಮೊದಲು ಅವು ಯಾಕೆ ಬರುತ್ತಿವೆ ಅಂತ ನೋಡಿ. ಮುಚ್ಚದ ಕಸದ ಬುಟ್ಟಿ, ಕೊಳೆತ ಹಣ್ಣು, ಸಿಹಿ ಪಾನೀಯದ ಲೋಟ ಇರುವಷ್ಟು ದಿನ ಬೇರೇನು ಮಾಡಿದರೂ ವ್ಯರ್ಥ.

ಎರಡನೆಯದು ಗೂಡು. ಹಲವು ಜಾತಿಗಳಲ್ಲಿ ಒಂದೇ ಒಂದು ರಾಣಿ ಮರದ ನಾರನ್ನು ಅಗಿದು, ಕಾಗದದಂಥ ಪುಟ್ಟ ಗೂಡನ್ನು ಶುರು ಮಾಡುತ್ತದೆ. ಸೂರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ ವಾರಕ್ಕೊಮ್ಮೆ ಕಣ್ಣಾಡಿಸಿ. ನಾಲ್ಕೈದು ಕೋಣೆಗಳ ಹಂತದಲ್ಲಿ, ರಾಣಿ ಹೊರಗೆ ಹೋದಾಗ, ಉದ್ದನೆಯ ಕೋಲಿನಿಂದ ಕೆಡವಿದರೆ ಸಾಕು. ಗೋಡೆಯ ಬಿರುಕು, ರಂಧ್ರಗಳನ್ನೂ ಮುಚ್ಚಿ. ಆದರೆ ಒಳಗೆ ಹುಳುಗಳು ಓಡಾಡುತ್ತಿದ್ದರೆ ಮುಚ್ಚಬೇಡಿ, ಅವು ಬೇರೆ ದಾರಿ ಹುಡುಕಿ ಮನೆಯೊಳಗೇ ಬಂದಾವು.

ಪುದೀನ, ಲವಂಗ, ನಿಂಬೆಹುಲ್ಲಿನ ಎಣ್ಣೆಗಳ ವಾಸನೆ ಅವಕ್ಕೆ ಆಗುವುದಿಲ್ಲ ನಿಜ. ನೀರಿಗೆ ಕೆಲವು ಹನಿ ಎಣ್ಣೆ, ಸ್ವಲ್ಪ ದ್ರವ ಸೋಪು ಬೆರೆಸಿ ಮೂಲೆಗಳಿಗೆ ಸಿಂಪಡಿಸಬಹುದು. ವಾಸನೆ ಬೇಗ ಆರಿಹೋಗುವುದರಿಂದ ಪದೇಪದೇ ಮಾಡಬೇಕು. ಬೆಕ್ಕಿದ್ದ ಮನೆಯಲ್ಲಿ ಈ ಎಣ್ಣೆಗಳು ಬೇಡ, ಅದಕ್ಕೆ ವಿಷ. ಕಾಗದದ ಚೀಲವನ್ನು ನಕಲಿ ಗೂಡಿನಂತೆ ತೂಗುಹಾಕುವ ಉಪಾಯದ ಮೇಲೆ ನನಗಂತೂ ನಂಬಿಕೆಯಿಲ್ಲ.

ಗೂಡಿನ ಹತ್ತಿರ ಹುಳುವನ್ನು ಜಜ್ಜಬೇಡಿ. ಅದರ ವಿಷದಲ್ಲಿರುವ ರಾಸಾಯನಿಕದ ವಾಸನೆ ಉಳಿದವನ್ನು ಕೆರಳಿಸುತ್ತದೆ. ಗೂಡು ದೊಡ್ಡದಿದ್ದರೆ, ಮನೆಯಲ್ಲಿ ಅಲರ್ಜಿ ಇರುವವರಿದ್ದರೆ, ಪರಿಣತರನ್ನೇ ಕರೆಸಿ. ತೋಟದ ದೂರದ ಮೂಲೆಯಲ್ಲಿದ್ದರೆ ಬಿಟ್ಟುಬಿಡಿ, ಗಿಡ ತಿನ್ನುವ ಕಂಬಳಿಹುಳುಗಳನ್ನು ಅವು ಹಿಡಿಯುತ್ತವೆ.