‘ಅಲ್ಲಲ್ಲಿ ಬಿಳಿ’ ಎಂದರೆ ಎಲ್ಲಿ?

ಮಾನ್ಯರೆ,

ಕಂದುತಲೆಯ ಗಲ್ ಮತ್ತು ಕಪ್ಪುತಲೆಯ ಗಲ್ ಹಕ್ಕಿಗಳನ್ನು ಹೋಲಿಸಿ ನೀವು ಬರೆದ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ಲಡಾಖ್‌ನ ಸರೋವರಗಳಲ್ಲಿ ಕಂದುತಲೆಯ ಗಲ್ ಮರಿಮಾಡುವ ಭಾಗವೂ ಚೆನ್ನಾಗಿದೆ. ನನ್ನನ್ನು ಕಾಡಿದ್ದು ಗುರುತಿಸುವಿಕೆಯ ಪ್ಯಾರಾ.

‘ಚಳಿಗಾಲದಲ್ಲಿ ಕರಾವಳಿಗೆ ಬರುವ ಇವನ್ನು ತಲೆಯ ಬಣ್ಣದಿಂದಲೇ ಗುರುತಿಸಬಹುದು’ ಎಂದು ಆರಂಭಿಸಿದ್ದೀರಿ. ಆದರೆ ಚಳಿಗಾಲದಲ್ಲಿ ಎರಡರ ತಲೆಯೂ ಬೆಳ್ಳಗಿರುತ್ತದೆ. ಕಣ್ಣಿನ ಹಿಂದೆ ಉಳಿಯುವ ಕಪ್ಪು ಮಚ್ಚೆಯೂ ಎರಡಕ್ಕೂ ಇದೆ. ಮರಿಮಾಡುವ ಕಾಲದಲ್ಲಿ ಕೂಡ ಕಪ್ಪುತಲೆಯ ಗಲ್‌ನ ತಲೆ ಗಾಢ ಚಾಕೊಲೇಟ್ ಕಂದು, ಇನ್ನೊಂದರದು ಅದಕ್ಕಿಂತ ತಿಳಿಗಂದು. ನಿಮ್ಮ ಮಾತನ್ನು ನಂಬಿ ಜನವರಿಯಲ್ಲಿ ಸಮುದ್ರತೀರಕ್ಕೆ ಹೋದ ಓದುಗ ಏನನ್ನು ನೋಡಬೇಕು?

ಮುಂದಿನ ವಾಕ್ಯ: ‘ರೆಕ್ಕೆಯ ತುದಿ ಕಪ್ಪು, ಅಲ್ಲಲ್ಲಿ ಬಿಳಿ.’ ಈ ‘ಅಲ್ಲಲ್ಲಿ’ಯನ್ನು ನಾನು ಒಪ್ಪಲಾರೆ, ಏಕೆಂದರೆ ಇವೆರಡರ ವ್ಯತ್ಯಾಸವೆಲ್ಲ ಆ ಬಿಳಿ ಎಲ್ಲಿದೆ ಎಂಬುದರಲ್ಲೇ ಇದೆ. ಬೆಳೆದ ಕಂದುತಲೆಯ ಗಲ್‌ಗೆ ರೆಕ್ಕೆಯ ತುದಿ ಅಗಲವಾಗಿ ಕಪ್ಪಾಗಿದ್ದು, ಆ ಕಪ್ಪಿನೊಳಗೆ ಹೊರಗಿನ ಗರಿಗಳ ಮೇಲೆ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ಕಪ್ಪುತಲೆಯ ಗಲ್‌ಗೆ ಆ ಚುಕ್ಕೆಗಳಿಲ್ಲ. ಹೊರರೆಕ್ಕೆಯ ಮುಂಅಂಚಿನುದ್ದಕ್ಕೂ ಉದ್ದನೆಯ ಬಿಳಿ ಪಟ್ಟಿ ಓಡುತ್ತದೆ, ಕಪ್ಪು ಗರಿತುದಿಗಳ ತೆಳು ಅಂಚಷ್ಟೇ. ಹಕ್ಕಿ ಹಾರುವಾಗ ಇದು ಬಹಳ ದೂರದಿಂದಲೇ ತಿಳಿಯುತ್ತದೆ.

ನಾನು ಬರೆಯಲು ಕಲಿಯುತ್ತಿದ್ದಾಗ ನನ್ನ ಬರಹ ತಿದ್ದುತ್ತಿದ್ದ ಹಿರಿಯರೊಬ್ಬರು ಹಕ್ಕಿಯ ಹೆಸರಿದ್ದ ಕಡೆಯಲ್ಲೆಲ್ಲ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿ, ‘ಈಗ ಹೇಳಪ್ಪ, ಇದು ಯಾವ ಹಕ್ಕಿ?’ ಎಂದು ಕೇಳುತ್ತಿದ್ದರು. ವರ್ಣನೆ ಇನ್ನೊಂದು ಹಕ್ಕಿಗೂ ಹೊಂದುವಂತಿದ್ದರೆ ಹಾಳೆಯನ್ನು ಮೌನವಾಗಿ ಹಿಂದಿರುಗಿಸುತ್ತಿದ್ದರು. ಆಗ ನನಗೆ ಅಳು ಬರುವಷ್ಟು ಕೋಪ ಬರುತ್ತಿತ್ತು. ಇಂದು ನನ್ನ ಮೇಜಿಗೆ ಬರುವ ಪ್ರತಿ ಬರಹವನ್ನೂ ನಾನು ಹಾಗೆಯೇ ಓದುತ್ತೇನೆ.

ಕೊನೆಯದಾಗಿ, ‘ಕಣ್ಣು ಬಿಳಿಯಿದ್ದರೆ ಕಂದುತಲೆಯದು, ಇಲ್ಲದಿದ್ದರೆ ಕಪ್ಪುತಲೆಯದು’ ಎಂಬ ವಾಕ್ಯ. ಮೊದಲರ್ಧ ಸರಿ. ಎರಡನೆಯ ಅರ್ಧವನ್ನು ತೆಗೆಯಿರಿ: ಎಳೆಯ ಕಂದುತಲೆಯ ಗಲ್‌ನ ಕಣ್ಣೂ ಕಪ್ಪಗಿರುತ್ತದೆ, ಮೊದಲ ಚಳಿಗಾಲದಲ್ಲಿ ರೆಕ್ಕೆಯ ಚುಕ್ಕೆಗಳೂ ಮೂಡಿರುವುದಿಲ್ಲ. ಅಂಥ ಹಕ್ಕಿಯಲ್ಲಿ ತುದಿಯ ಅಗಲವಾದ ಕಪ್ಪು, ತುಸು ದೊಡ್ಡ ಮೈಕಟ್ಟು, ದಪ್ಪ ಕೊಕ್ಕು ಇವನ್ನು ಒಟ್ಟಿಗೆ ನೋಡಬೇಕು ಎಂದು ಬರೆಯಿರಿ.

ಈ ಒಂದು ಪ್ಯಾರಾವನ್ನು ಹೊಸದಾಗಿ ಬರೆದು ಕಳುಹಿಸಿ. ಉಳಿದ ಭಾಗಕ್ಕೆ ನಾನು ಕೈ ಹಚ್ಚುವುದಿಲ್ಲ.