ಮೈದಾನದ ಮಾತು: ವಿಡಿಚ್‌ಗೆ ಐದನೇ ಕುರ್ಚಿ

(ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಪಿ.ಟಿ. ಮೇಷ್ಟ್ರ ಉತ್ತರ)

ಪ್ರಶ್ನೆ: ಮೇಷ್ಟ್ರೇ, ಸರ್ಬಿಯಾದ ಸಾರ್ವಕಾಲಿಕ ಶ್ರೇಷ್ಠ ಫುಟ್‌ಬಾಲ್ ಆಟಗಾರ ಯಾರು ಅಂತ ನಮ್ಮ ಹಾಸ್ಟೆಲಿನಲ್ಲಿ ಜಗಳ ಬಿದ್ದಿದೆ. ನಾನು ನೆಮಾನ್ಯಾ ವಿಡಿಚ್ ಅಂತೀನಿ. ರೂಮ್‌ಮೇಟ್ ಲೂಕಾ ಮಾಡ್ರಿಚ್ ಅಂತಾನೆ. ಸೋತವನು ಮಂಡಕ್ಕಿ-ಮಿರ್ಚಿ ಕೊಡಿಸಬೇಕು. ತೀರ್ಪು ಕೊಡಿ.
— ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿನ್ನ ರೂಮ್‌ಮೇಟ್ ಈಗಲೇ ದುಡ್ಡು ತೆಗೆದಿಡಲಿ. ಮಾಡ್ರಿಚ್ ಕ್ರೊಯೇಷಿಯಾದವನು. ಈ ಮಾತನ್ನು ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲೋ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲೋ ಆಡಿದ್ದರೆ ಎರಡೂ ಕಡೆ ಒದೆ ಬೀಳುತ್ತಿತ್ತು. ಆದರೂ ಅವನ ಗೊಂದಲ ಪೂರ್ತಿ ದಡ್ಡತನದ್ದಲ್ಲ. 1997ರ ತನಕ ನಮ್ಮ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆಗ ಜಿಲ್ಲಾ ತಂಡದ ಬನಿಯನ್ ತೊಟ್ಟು ಆಡಿದ ನಮ್ಮೂರ ಹುಡುಗ ಈಗ ಯಾವ ಜಿಲ್ಲೆಯ ಆಟಗಾರ? ಅಲ್ಲಿನ ಕಥೆಯೂ ಹಾಗೇ. ಮೊದಲು ಎಲ್ಲರೂ ಯುಗೊಸ್ಲಾವಿಯಾ. ಆಮೇಲೆ ಒಡೆದು ಸರ್ಬಿಯಾ-ಮಾಂಟೆನೆಗ್ರೊ. 2006ರಿಂದ ಬರೀ ಸರ್ಬಿಯಾ. ಹಳೆಯ ತಂಡದ ದಾಖಲೆಗಳನ್ನು ಫಿಫಾ ಸರ್ಬಿಯಾದ ಖಾತೆಗೇ ಬರೆದಿದೆ. ನಾನು ಅಷ್ಟು ಧಾರಾಳಿಯಲ್ಲ. ಸವಿಚೆವಿಚ್, ಮಿಯಾಟೊವಿಚ್ ಮಾಂಟೆನೆಗ್ರೊದವರು. ಬೊಬೆಕ್ ಹುಟ್ಟಿದ್ದು ಜಾಗ್ರೆಬ್‌ನಲ್ಲಿ. ಪಾಂಚೆವ್ ಮ್ಯಾಸಿಡೋನಿಯಾದವನು. ಇವರೆಲ್ಲ ಘಟಾನುಘಟಿಗಳೇ, ಆದರೆ ಈ ಪಂಕ್ತಿಯವರಲ್ಲ.

ಉಳಿದವರಲ್ಲಿ ಮೊದಲಿಗ ಡ್ರಾಗನ್ ಜಾಯಿಚ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. 1946ರಲ್ಲಿ ಊಬ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು, ರೆಡ್ ಸ್ಟಾರ್ ಬೆಲ್‌ಗ್ರೇಡ್ ಕ್ಲಬ್ಬಿನ ಎಡ ವಿಂಗರ್. 1968ರ ಯುರೋಪ್ ಚಾಂಪಿಯನ್‌ಷಿಪ್ ಸೆಮಿಫೈನಲ್, ಊರು ಫ್ಲಾರೆನ್ಸ್. ಎದುರಿಗಿದ್ದದ್ದು ಎರಡು ವರ್ಷದ ಹಿಂದಷ್ಟೇ ವಿಶ್ವಕಪ್ ಗೆದ್ದ ಇಂಗ್ಲೆಂಡ್. ಆ ಗೋಲಿನ ಕಪ್ಪು-ಬಿಳುಪು ತುಣುಕನ್ನು ಮೊಮ್ಮಗ ಮೊಬೈಲಿನಲ್ಲಿ ಹಾಕಿಕೊಟ್ಟ. ಆಟ ಮುಗಿಯಲು ನಾಲ್ಕೈದು ನಿಮಿಷ ಇದೆ, ಇನ್ನೂ ಸೊನ್ನೆ-ಸೊನ್ನೆ. ಬಲಗಡೆಯಿಂದ ಎತ್ತರಕ್ಕೆ ಬಂದ ಚೆಂಡು ಬಾಬಿ ಮೂರ್‌ಗೆ ಎಟುಕದೆ ಹಿಂದಕ್ಕೆ ಬೀಳುತ್ತದೆ. ಅಲ್ಲಿ ಈತ ಒಬ್ಬನೇ. ಬೇರೆ ಯಾರೇ ಆಗಿದ್ದರೂ ಗಾಬರಿಗೆ ಕಣ್ಮುಚ್ಚಿ ಒದೆಯುತ್ತಿದ್ದರು. ಈತ ಚೆಂಡನ್ನು ಪಳಗಿಸಿ, ಮುಂದೆ ನುಗ್ಗಿ ಬಂದ ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ಮೇಲಿಂದ ಬಲೆಗೆ ಎತ್ತಿಹಾಕಿದ. ಆ ಸಿಟ್ಟಿಗೋ ಏನೋ, ಕೊನೆಯಲ್ಲಿ ಅಲನ್ ಮುಲ್ಲರಿ ಎದುರಾಳಿಯನ್ನು ಒದ್ದು ಹೊರಬಿದ್ದ. ಇಂಗ್ಲೆಂಡ್ ಪರ ಆಡುವಾಗ ಮೈದಾನದಿಂದ ಹೊರದಬ್ಬಿಸಿಕೊಂಡ ಮೊದಲ ಆಟಗಾರ ಅವನೇ.

ರೋಮ್‌ನ ಫೈನಲ್‌ನಲ್ಲೂ ಜಾಯಿಚ್ ಗೋಲು ಹೊಡೆದ. ಎಂಬತ್ತನೇ ನಿಮಿಷದವರೆಗೂ ಮುಂದಿದ್ದವರು ಒಂದು ಫ್ರೀ ಕಿಕ್‌ಗೆ ಸಮ ಮಾಡಿಸಿಕೊಂಡು, ಎರಡು ದಿನ ಬಿಟ್ಟು ಆಡಿದ ಮರುಪಂದ್ಯದಲ್ಲಿ ಇಟಲಿಗೆ 2-0 ಸೋತರು. ಯುರೋಪಿನ ವರ್ಷದ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಆ ವರ್ಷದ ಮತಗಳಲ್ಲಿ ಜಾಯಿಚ್ ಮೂರನೆಯವನು. ಮೇಲಿದ್ದವರು ಜಾರ್ಜ್ ಬೆಸ್ಟ್, ಬಾಬಿ ಚಾರ್ಲ್‌ಟನ್. ದೇಶಕ್ಕೆ 85 ಪಂದ್ಯ, 23 ಗೋಲು. ಅವನ ಕ್ರಾಸ್‌ಗೆ ತಲೆ ಕೊಟ್ಟು ಹೆಸರು ಮಾಡಿದವರ ಲೆಕ್ಕ ಬೇರೆ.

ವಿಡಿಚ್ ಸಣ್ಣವನೇನಲ್ಲಪ್ಪ. 2006ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ ಐದು ಲೀಗ್, ಒಂದು ಚಾಂಪಿಯನ್ಸ್ ಲೀಗ್ ಗೆದ್ದ. ಪ್ರೀಮಿಯರ್ ಲೀಗಿನ ವರ್ಷದ ಆಟಗಾರ ಪ್ರಶಸ್ತಿ ಎರಡು ಸಲ ಬಂತು. ಡಿಫೆಂಡರ್‌ಗಳಿಗೆ ಅದು ಒಂದು ಸಲ ಬರುವುದೇ ಅಪರೂಪ. ಆದರೆ ನಿಮ್ಮ ವಯಸ್ಸಿನವರ ಇತಿಹಾಸ ಕೇಬಲ್ ಟಿವಿಯಿಂದ ಶುರುವಾಗುತ್ತೆ. ನನ್ನ ಸಾಲಿನಲ್ಲಿ ಜಾಯಿಚ್, ಮಿಟಿಚ್, ಸ್ಟೊಯ್ಕೊವಿಚ್, ಮಿಹಾಯ್ಲೊವಿಚ್ ಆದ ಮೇಲೆ ಐದನೇ ಕುರ್ಚಿ ವಿಡಿಚ್‌ಗೆ. ಹೀಗಾಗಿ ನೀನೂ ಗೆಲ್ಲಲಿಲ್ಲ. ಮಿರ್ಚಿಯ ದುಡ್ಡು ಅರ್ಧ ಅರ್ಧ ಹಾಕಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಆಟಗಾರರೊಬ್ಬರು ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಬರಿಗಾಲಲ್ಲಿ ಗೋಲು ಹೊಡೆದಿದ್ದರು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನಿಜವೇ ಸರ್?
— ಶಿಕ್ಷಕಿ, ಚಿತ್ರದುರ್ಗ

ಉತ್ತರ: ಗೋಲು ನಿಜ ತಾಯಿ. ಆದರೆ ತಂದೆಯವರು ಸ್ಕೋರು ಹೇಳಿರಲಿಕ್ಕಿಲ್ಲ! 1952, ಹೆಲ್ಸಿಂಕಿ. ನಾವು ಸೋತದ್ದು 10-1ರಿಂದ. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು, ಅದೂ ಆಟ ಮುಗಿಯುವ ಹೊತ್ತಿಗೆ. ತಂಡದ ಹೆಚ್ಚಿನವರಿಗೆ ಬೂಟಿರಲಿಲ್ಲ, ಫಿನ್ಲೆಂಡಿನ ಥಂಡಿ ಬೇರೆ. ಆ ಸೋಲಿನ ಮೇಲೆಯೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿದ್ದು.

ಆ ಹತ್ತರಲ್ಲಿ ಎರಡು ರಾಯ್ಕೊ ಮಿಟಿಚ್ ಅವರದ್ದು. ಮೇಲಿನ ಸಾಲಿನಲ್ಲಿ ಎರಡನೇ ಜಾಗ ಕೊಟ್ಟೆನಲ್ಲ, ಅವರೇ. ರೆಡ್ ಸ್ಟಾರ್ ಕ್ಲಬ್ಬು ತನ್ನ ಚರಿತ್ರೆಯ ದೊಡ್ಡ ಆಟಗಾರರನ್ನು 'ನಕ್ಷತ್ರ' ಎಂದು ಕರೆಯುತ್ತದೆ. ಮೊದಲ ನಕ್ಷತ್ರ ಮಿಟಿಚ್, ಎರಡನೆಯದು ಡ್ರಿಬ್ಲಿಂಗ್ ಮಾಂತ್ರಿಕ ಶೆಕುಲಾರಾಟ್ಸ್, ಮೂರನೆಯದು ಜಾಯಿಚ್. ಬೆಲ್‌ಗ್ರೇಡ್‌ನ ಆ ಕ್ಲಬ್ಬಿನ ಕ್ರೀಡಾಂಗಣಕ್ಕೆ 2014ರಲ್ಲಿ ಮಿಟಿಚ್ ಹೆಸರನ್ನೇ ಇಟ್ಟರು.

ಅವರ ಹಣೆಬರಹ ಮಾತ್ರ ವಿಚಿತ್ರ. 1950ರ ವಿಶ್ವಕಪ್, ಕರೆ ಬಂದರೂ ನಾವು ಹೋಗದೆ ಉಳಿದೆವಲ್ಲ, ಅದೇ. ರಿಯೊದ ಮಾರಕಾನಾದಲ್ಲಿ ಬ್ರೆಜಿಲ್ ಎದುರು ಡ್ರಾ ಮಾಡಿಕೊಂಡಿದ್ದರೂ ಯುಗೊಸ್ಲಾವಿಯಾ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಕ್ರೀಡಾಂಗಣದ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಡ್ರೆಸ್ಸಿಂಗ್ ರೂಮಿನಿಂದ ಮೈದಾನಕ್ಕೆ ಬರುವಾಗ ಮಿಟಿಚ್ ತಲೆ ಕಬ್ಬಿಣದ ತೊಲೆಗೆ ಬಡಿದು ರಕ್ತ ಸುರಿಯಿತು. ರೆಫರಿ ಕಾಯಲಿಲ್ಲ. ಹತ್ತೇ ಮಂದಿಯಲ್ಲಿ ಆಟ ಶುರು, ನಾಲ್ಕನೇ ನಿಮಿಷಕ್ಕೆ ಅಡೆಮಿರ್ ಗೋಲು. ಮಿಟಿಚ್ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಆಡಿದರು. 2-0 ಸೋತರು. ಹುಡುಗರು "ಸಾರ್, ಮೊಣಕಾಲು ತರಚಿದೆ" ಅಂತ ಪೀರಿಯಡ್ ತಪ್ಪಿಸಲು ಬಂದಾಗೆಲ್ಲ ನಾನು ಈ ಕಥೆ ಹೇಳಿ ವಾಪಸು ಅಟ್ಟುತ್ತಿದ್ದೆ.

ನಾವು ಯುಗೊಸ್ಲಾವಿಯಾವನ್ನು ನಡುಗಿಸಿದ್ದೂ ಇದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮೊದಲ ಗೋಲು ನಮ್ಮ ನೆವಿಲ್ ಡಿಸೋಜಾ ಅವರದ್ದು. ಐದೇ ನಿಮಿಷದಲ್ಲಿ ಯುಗೊಸ್ಲಾವಿಯಾದವರು ಎರಡು ಹೊಡೆದರು, ಅದರಲ್ಲೊಂದು ಸರ್ಬಿಯಾದ ನೊವಿ ಸಾಡ್‌ನ ಟೋಡೊರ್ ವೆಸೆಲಿನೊವಿಚ್ ಅವರದ್ದು. ಕೊನೆಗೆ 4-1. ಆ ಕೂಟದಲ್ಲಿ ಅತಿ ಹೆಚ್ಚು, ಅಂದರೆ ನಾಲ್ಕು ಗೋಲು ಹೊಡೆದವರು ಮೂವರು: ಒಬ್ಬ ಬಲ್ಗೇರಿಯನ್, ಈ ವೆಸೆಲಿನೊವಿಚ್, ನಮ್ಮ ಡಿಸೋಜಾ. ಕರ್ನಾಟಕದ ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಮಕ್ಕಳಿಗೆ ಪಾಠದ ನಡುವೆ ಈ ಹೆಸರುಗಳನ್ನು ಒಮ್ಮೆ ಹೇಳಿ ತಾಯಿ. ಪಠ್ಯಪುಸ್ತಕದಲ್ಲಂತೂ ಬರುವುದಿಲ್ಲ.

ಪ್ರಶ್ನೆ: ಮಗ ಎಡಗಾಲಿನವನು. ಫ್ರೀ ಕಿಕ್ ಹೊಡೆದರೆ ಚೆಂಡು ಸಾಲಾಗಿ ನಿಂತ ಎದುರಾಳಿಗಳ ಗೋಡೆಗೇ ಬಡಿಯುತ್ತದೆ. ಯಾರನ್ನು ನೋಡಿ ಕಲಿಯಬೇಕು?
— ರೈತರು, ಜಗಳೂರು ತಾಲ್ಲೂಕು

ಉತ್ತರ: ಸಿನಿಶಾ ಮಿಹಾಯ್ಲೊವಿಚ್ ಅವರನ್ನು. ಇಟಲಿಯ ಸೀರಿ ಎ ಲೀಗಿನಲ್ಲಿ ಫ್ರೀ ಕಿಕ್‌ನಿಂದಲೇ 28 ಗೋಲು, ಅದೂ ಹಿಂದೆ ನಿಂತು ಕಾಯುವ ಡಿಫೆಂಡರ್. 1998ರ ಡಿಸೆಂಬರ್‌ನಲ್ಲಿ ಲಾಜಿಯೊ ಪರ, ತಮ್ಮ ಹಳೆಯ ಕ್ಲಬ್ಬು ಸಂಪ್‌ಡೋರಿಯಾ ಎದುರು, ಒಂದೇ ಪಂದ್ಯದಲ್ಲಿ ಮೂರು ಫ್ರೀ ಕಿಕ್ ಗೋಲು ಹೊಡೆದರು. ಮೊದಲನೆಯದಕ್ಕೆ ಅದೃಷ್ಟ ಅನ್ನಬಹುದು. ಮೂರನೆಯದಕ್ಕೆ ಏನನ್ನುತ್ತೀರಿ? 2022ರ ಡಿಸೆಂಬರ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು, ಐವತ್ಮೂರೇ ವಯಸ್ಸು.

ಈಗ ನಿಮ್ಮ ಮಗನ ವಿಷಯ. ಗೋಡೆ ನಿಲ್ಲುವುದು ಚೆಂಡಿನಿಂದ 9.15 ಮೀಟರ್ ದೂರ. ಚೆಂಡು ಅದರ ಮೇಲೆ ಹಾದು ಕೆಳಗಿಳಿಯಬೇಕು, ಇಲ್ಲವೇ ಪಕ್ಕದಿಂದ ಸುತ್ತಿಕೊಂಡು ಬರಬೇಕು. ನಟ್ಟನಡುವೆ ಒದ್ದರೆ ಎರಡೂ ಆಗುವುದಿಲ್ಲ. ಚೆಂಡಿನ ನಡುಭಾಗದಿಂದ ಚೂರು ಕೆಳಗೆ, ಚೂರು ಹೊರಮಗ್ಗುಲಿಗೆ, ಹೆಬ್ಬೆರಳ ಬುಡದ ಗಟ್ಟಿ ಮೂಳೆ ತಾಗಬೇಕು. ಆಗ ಚೆಂಡು ಗಿರಗಿರ ತಿರುಗುತ್ತದೆ. ಒಂದು ಪಕ್ಕದ ಗಾಳಿ ಅದರ ಜೊತೆ ಸರಾಗ ಓಡಿ, ಇನ್ನೊಂದು ಪಕ್ಕದ್ದು ತಡೆದು, ಚೆಂಡು ದಾರಿಯಲ್ಲೇ ಬಾಗುತ್ತದೆ. ಒದೆಯುವ ಕಾಲಿಗಿಂತ ಊರುವ ಕಾಲನ್ನು ನೋಡಿ. ಬಲಗಾಲು ಚೆಂಡಿನ ಪಕ್ಕ ಒಂದು ಗೇಣು ಬಿಟ್ಟು ನಿಲ್ಲಬೇಕು. ಹಿಂದೆ ಊರಿದರೆ ಚೆಂಡು ಆಕಾಶಕ್ಕೆ. ಹೈಸ್ಕೂಲ್ ಮೈದಾನದಲ್ಲಿ ನಾನು ಬೆಂಚಿನ ಮೇಲೆ ಹುಡುಗರ ಪಾಟೀಚೀಲ ಪೇರಿಸಿ ಗೋಡೆ ಮಾಡುತ್ತಿದ್ದೆ. ಟಿಫನ್ ಬಾಕ್ಸ್ ಇದ್ದ ಚೀಲದವನು ಗೋಡೆಗೆ ಬಡಿಯದ ಹಾಗೆ ಬಲು ಬೇಗ ಕಲಿಯುತ್ತಿದ್ದ. ಮೇಲಿನ ತೊಗಲು ಸವೆದ ಚೆಂಡು ಬೇಡ, ಅದು ಹೇಳಿದ ಮಾತು ಕೇಳುವುದಿಲ್ಲ.

ಪ್ರಶ್ನೆ: ಕಂಠೀರವದಲ್ಲಿ ತಂಡವನ್ನೇ ಎಬ್ಬಿಸಿಕೊಂಡು ಹೊರನಡೆದ ಕೇರಳ ಬ್ಲಾಸ್ಟರ್ಸ್ ಕೋಚ್ ಸರ್ಬಿಯಾದವರೇ?
— ಚಳ್ಳಕೆರೆ

ಉತ್ತರ: ಹೌದು, ಇವಾನ್ ವುಕೊಮನೊವಿಚ್. 2023ರ ಮಾರ್ಚ್ 3, ಪ್ಲೇಆಫ್ ಪಂದ್ಯ, ಹೆಚ್ಚುವರಿ ಅವಧಿ. ಎದುರಾಳಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಒಪ್ಪಿದರು. ಇವರು ಒಪ್ಪಲಿಲ್ಲ. ಹತ್ತು ಪಂದ್ಯ ನಿಷೇಧ, ಕ್ಲಬ್ಬಿಗೆ ನಾಲ್ಕು ಕೋಟಿ ದಂಡ. ಬೆಂಗಳೂರು ತಂಡದ ಕಡೆಯವನಾಗಿ ಅಲ್ಲ, ಮೇಷ್ಟ್ರಾಗಿ ಹೇಳುತ್ತೇನೆ: ಸೀಟಿ ಊದಿದ ಮೇಲೆ ಮೈದಾನ ಬಿಡಬಾರದು. ಆದರೆ ಅದರ ಹಿಂದಿನ ವರ್ಷ ಅದೇ ತಂಡವನ್ನು ಫೈನಲ್‌ಗೆ ಒಯ್ದದ್ದೂ ಅವರೇ. ಅವರಿಗಿಂತ ಎಷ್ಟೋ ಮೊದಲು ಮಿಲೊವಾನ್ ಚಿರಿಚ್ ಎಂಬವರು ನಮ್ಮ ದೇಶದ ಕೋಚ್ ಆಗಿದ್ದು, 1984ರ ಏಷ್ಯನ್ ಕಪ್‌ಗೆ ನಮ್ಮನ್ನು ಮುಟ್ಟಿಸಿದರು. ಅದಕ್ಕೆ ಹಿಂದೆ ನಾವು ಆ ಕಪ್ ಆಡಿದ್ದು 1964ರಲ್ಲಿ.

ಪ್ರಶ್ನೆ: ಇಷ್ಟೆಲ್ಲ ಪ್ರತಿಭೆ ಇದ್ದೂ ದೊಡ್ಡ ಕಪ್ ಯಾಕಿಲ್ಲ?
— ನಿವೃತ್ತ ಬ್ಯಾಂಕ್ ನೌಕರರು, ಹರಿಹರ

ಉತ್ತರ: ಕ್ಲಬ್ಬಿಗೆ ಇದೆ ಸ್ವಾಮಿ. 1991ರ ಮೇ 29ರಂದು ಇಟಲಿಯ ಬಾರಿಯಲ್ಲಿ ರೆಡ್ ಸ್ಟಾರ್ ಯುರೋಪಿಯನ್ ಕಪ್ ಗೆದ್ದಿತು. ಫ್ರಾನ್ಸಿನ ಮಾರ್ಸೇ ಕ್ಲಬ್ಬಿನ ವಿರುದ್ಧ ಸೊನ್ನೆ-ಸೊನ್ನೆ, ಪೆನಾಲ್ಟಿಯಲ್ಲಿ 5-3. ಆಟ ಮಾತ್ರ ಆಕಳಿಕೆ ತರಿಸುವಂಥದ್ದು. ಆ ತಂಡ ಕಟ್ಟುವಾಗ ಕ್ಲಬ್ಬಿನ ತಾಂತ್ರಿಕ ನಿರ್ದೇಶಕ ಯಾರು ಗೊತ್ತೇ? ನಮ್ಮ ಜಾಯಿಚ್.

ದೇಶದ ತಂಡದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1992ರ ಯುರೋ ಕೂಟಕ್ಕೆ ಯುಗೊಸ್ಲಾವಿಯಾ ಅರ್ಹತೆ ಗಳಿಸಿತ್ತು. ಅಷ್ಟರಲ್ಲಿ ಯುದ್ಧ, ವಿಶ್ವಸಂಸ್ಥೆಯ ನಿರ್ಬಂಧ. ಕೂಟಕ್ಕೆ ಹತ್ತು ದಿನವಿರುವಾಗ ಹೊರಹಾಕಿದರು. ಅವರ ಜಾಗಕ್ಕೆ ಕರೆದ ಡೆನ್ಮಾರ್ಕ್ ಕಪ್ಪನ್ನೇ ಎತ್ತಿಕೊಂಡು ಹೋಯಿತು! 1994ರ ವಿಶ್ವಕಪ್‌ಗೂ ನಿಷೇಧ. ಡ್ರಾಗನ್ ಸ್ಟೊಯ್ಕೊವಿಚ್ ಅಂಥವರ ಒಳ್ಳೇ ವರ್ಷಗಳು ಹಾಗೇ ಹೋದವು. ಯುದ್ಧದಲ್ಲಿ ಸತ್ತವರ ಮುಂದೆ ಇದೊಂದು ನಷ್ಟವೇ ಅಲ್ಲ, ನಿಜ. ಆದರೆ ನೀವು ಕೇಳಿದ್ದು ಕಪ್ಪಿನ ವಿಷಯ.

ಪ್ರಶ್ನೆ: ಮೂರು ದೇಶಗಳ ಹೆಸರಲ್ಲಿ ವಿಶ್ವಕಪ್ ಆಡಿದವನು ಯಾರು? ರಸಪ್ರಶ್ನೆಗೆ ಬೇಕು.
— ಹೊಸದುರ್ಗ

ಉತ್ತರ: ಡೆಯಾನ್ ಸ್ಟಾಂಕೊವಿಚ್. 1998ರಲ್ಲಿ ಯುಗೊಸ್ಲಾವಿಯಾ, 2006ರಲ್ಲಿ ಸರ್ಬಿಯಾ-ಮಾಂಟೆನೆಗ್ರೊ, 2010ರಲ್ಲಿ ಸರ್ಬಿಯಾ. ಮನೆ ಬದಲಿಸಲಿಲ್ಲ, ಬೋರ್ಡು ಬದಲಾಯಿತು.

ಪ್ರಶ್ನೆ: ಮಿಟ್ರೊವಿಚ್ ನಿಮ್ಮ ಸಾಲಿನಲ್ಲಿ ಇಲ್ಲವೇ? ದೇಶಕ್ಕೆ ಅತಿ ಹೆಚ್ಚು ಗೋಲು ಅವನದೇ ಅಲ್ಲವೇ?
— ಮೊಬೈಲ್ ಅಂಗಡಿ ಹುಡುಗ, ಹೊಳಲ್ಕೆರೆ

ಉತ್ತರ: ಅವನದೇ. ಮೊದಲ ಹತ್ತರಲ್ಲಿ ಇಟ್ಟುಕೋ, ಬೇಡ ಅನ್ನುವುದಿಲ್ಲ. 2020ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್ ಎದುರು ಅವನ ಪೆನಾಲ್ಟಿ ತಪ್ಪಿ ಯುರೋ ಕೂಟ ಕೈಬಿಟ್ಟಿತು. ಊರೆಲ್ಲ ಬೈದರು. ಸರಿಯಾಗಿ ಒಂದು ವರ್ಷಕ್ಕೆ ಲಿಸ್ಬನ್‌ನಲ್ಲಿ ರೊನಾಲ್ಡೊನ ಪೋರ್ಚುಗಲ್ ಎದುರು ತೊಂಬತ್ತನೇ ನಿಮಿಷ, ಟಾಡಿಚ್ ಕ್ರಾಸ್‌ಗೆ ತಲೆ ಕೊಟ್ಟು ಸೀದಾ ಕತಾರ್ ವಿಶ್ವಕಪ್‌ಗೆ ಕರೆದೊಯ್ದ. ಆ ಟಾಡಿಚ್‌ನನ್ನೂ ಮರೆಯಬೇಡ. 2019ರಲ್ಲಿ ಅವನು ಆಡುತ್ತಿದ್ದ ಅಯಾಕ್ಸ್ ತಂಡ ಮ್ಯಾಡ್ರಿಡ್‌ಗೇ ಹೋಗಿ ರಿಯಲ್‌ಗೆ 4-1 ಬಾರಿಸಿದಾಗ ಫ್ರಾನ್ಸಿನ ಕ್ರೀಡಾ ಪತ್ರಿಕೆ ಅವನಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತ್ತು. ನಾನು ಡ್ರಿಲ್ ಪರೀಕ್ಷೆಯಲ್ಲೂ ಯಾರಿಗೂ ಹತ್ತು ಕೊಟ್ಟವನಲ್ಲ.

ಪ್ರಶ್ನೆ: ಸ್ಟೊಯ್ಕೊವಿಚ್‌ಗೆ ಮೂರನೇ ಜಾಗ ಯಾಕೆ? ಪೆನಾಲ್ಟಿ ಹೊಡೆಯಲು ಹೆದರಿದವನಲ್ಲವೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹೆದರಿದ್ದಲ್ಲ. ಬಾರಿ ಊರಿನಲ್ಲಿ ನಡೆದ 1991ರ ಆ ಫೈನಲ್ ವೇಳೆಗೆ ಅವನು ಮಾರ್ಸೇ ಸೇರಿದ್ದ. ಎದುರಿಗಿದ್ದದ್ದು ತನ್ನನ್ನು ಬೆಳೆಸಿದ ರೆಡ್ ಸ್ಟಾರ್, ಆ ಕ್ಲಬ್ಬಿನ ಐದನೇ ನಕ್ಷತ್ರ ಅವನೇ. ಅವರ ವಿರುದ್ಧ ಪೆನಾಲ್ಟಿ ಹೊಡೆಯಲಾರೆ ಅಂದ. ಮಾರ್ಸೇ ಅಭಿಮಾನಿಗಳು ಬೈಯಲಿ, ನನಗೆ ಅದು ಹಿಡಿಸಿತು. ಅದರ ಹಿಂದಿನ ವರ್ಷ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಎರಡು ಗೋಲು ಹೊಡೆದು ಗೆಲ್ಲಿಸಿದ್ದವನು ಹೆದರುಪುಕ್ಕಲ ಹೇಗಾದಾನು?

ಇನ್ನೊಂದು ಕೇಳು. 2009ರಲ್ಲಿ ಅವನು ಜಪಾನಿನ ನಗೋಯಾ ತಂಡದ ಕೋಚ್. ಸೂಟು ಹಾಕಿ ಗೆರೆಯಾಚೆ ನಿಂತಿದ್ದ. ಯಾರಿಗೋ ಪೆಟ್ಟಾಯಿತೆಂದು ಎದುರಾಳಿ ಗೋಲ್‌ಕೀಪರ್ ಚೆಂಡನ್ನು ಹೊರಗೆ ಒದ್ದ. ಅದು ಗಾಳಿಯಲ್ಲಿ ಇವನತ್ತಲೇ ಬಂತು. ನೆಲಕ್ಕೆ ಬೀಳಲೂ ಬಿಡದೆ, ಪಾಲಿಶ್ ಹಾಕಿದ ಚರ್ಮದ ಶೂನಲ್ಲೇ ಒಂದು ಕೊಟ್ಟ. ಅರ್ಧ ಮೈದಾನ ದಾಟಿ ಸೀದಾ ಬಲೆಗೆ. ಗೋಲು ಲೆಕ್ಕಕ್ಕಿಲ್ಲ, ರೆಫರಿ ಬಂದು ಅವನನ್ನು ಹೊರಗೆ ಕಳಿಸಿದರು. ಮರುವರ್ಷ ಅದೇ ನಗೋಯಾ ಅವನ ಕೈಕೆಳಗೆ ಜಪಾನ್ ಲೀಗ್ ಗೆದ್ದಿತು.